ಸ್ವದೇಶದಲ್ಲೇ ಪರದೇಶಿಯಾಗುವ ವಾಹನ

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ವಿರಳವಲ್ಲ. ಅಲ್ಲಿ ಕಾರು ಇಟ್ಟುಕೊಳ್ಳುವ ಕಷ್ಟಸುಖಗಳೂ ಈ ಮನೆಗಳವರಿಗೆ ಹೊಸತಲ್ಲ. ಯು.ಎ.ಇ.ಯಲ್ಲಿ ವಾಸದ ವೀಸಾ ಪಡೆದ ಭಾರತೀಯನಿಗೆ ಊರಿನ ಲೈಸೆನ್ಸು ಉಪಯೋಗಕ್ಕೆ ಬಾರದು. ಅಲ್ಲಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಲ್ಲಿನ ಲೈಸೆನ್ಸನ್ನೇ ಪಡೆಯಬೇಕು. ವಾಹನದ ನೋಂದಣಿಯನ್ನು ವರ್ಷ ವರ್ಷವೂ ನವೀಕರಿಸಬೇಕು. ಬ್ರಿಟನ್ನಿನಲ್ಲಿ ನೆಲಸಲು ಹೋದವನು ಭಾರತದ ಲೈಸೆನ್ಸಿನಲ್ಲಿ 12 ತಿಂಗಳು ಕಾರು ಓಡಿಸಬಹುದು; ಅನಂತರ ಅಲ್ಲಿನದೇ ಬೇಕು. 1949ರ ಜಿನೀವಾ ಒಪ್ಪಂದದ ಪ್ರಕಾರ ನಮ್ಮ ಆರ್.ಟಿ.ಒ. ಕಚೇರಿಗಳು ಕೊಡುವ ಅಂತಾರಾಷ್ಟ್ರೀಯ ಪರವಾನಿಗೆಯ ಆಯುಷ್ಯವೂ ಒಂದೇ ವರ್ಷ. ಪರದೇಶದಲ್ಲಿ ಪರದೇಶಿಗೆ ಹೀಗೆ ಕಟ್ಟುಪಾಡುಗಳಿರುವುದು ಸಹಜ. ಹೋಗುವವನು ಅದನ್ನು ತಿಳಿದೇ ಹೋಗುತ್ತಾನೆ.

ಆದರೆ ವಿಮಾನವನ್ನೂ ಹತ್ತದೆ, ಪಾಸ್‌ಪೋರ್ಟನ್ನೂ ಮಾಡಿಸದೆ, ಹುಟ್ಟಿದ ಮನೆಯಲ್ಲೇ ಇದ್ದುಕೊಂಡು ವಾಹನದ ಮಟ್ಟಿಗೆ ಪರದೇಶಿಯಾಗುವ ಒಂದು ವರ್ಗವಿದೆ. ಅದು ರಾಜ್ಯಗಳ ಗಡಿಯಲ್ಲಿರುವವರ ವರ್ಗ. ತಲಪಾಡಿಯ ಈಚೆಗಿರುವ ನಾವು ಅದಕ್ಕೆ ಸೇರಿದವರೆಂಬುದನ್ನು ಹೇಳಬೇಕಾಗಿಲ್ಲ. ಇಂದು ನಾವು ವಾಚಕರ ಗಮನವನ್ನು ಇನ್ನೊಂದು ಗಡಿಯತ್ತ, ಮಹಾರಾಷ್ಟ್ರದ ಮರಾಠವಾಡಾಕ್ಕೆ ಸೇರಿದ ಸಾಸ್ತೂರ ಮತ್ತು ಅದರ ಆಸುಪಾಸಿನತ್ತ ಸೆಳೆಯಬಯಸುತ್ತೇವೆ. ನಮ್ಮದೇ ಸಮಸ್ಯೆ ಅಲ್ಲಿಯೂ ಇದೆ. ದೂರದಿಂದ ನೋಡಿದಾಗ ಅದರ ಸ್ವರೂಪ ಹೆಚ್ಚು ಸ್ಪಷ್ಟವಾಗುತ್ತದೆ.

ಹಿಂದೆ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಈಗ ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯ ಲೋಹಾರಾ ತಾಲೂಕಿನ ಗ್ರಾಮ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪವಾದಾಗ ಅತ್ಯಂತ ಹೆಚ್ಚು ಹಾನಿಗೊಳಗಾದ ಊರುಗಳಲ್ಲಿ ಇದೂ ಒಂದು. ಈ ಭಾಗವೆಲ್ಲವೂ ಒಂದು ಕಾಲದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ. ನಿಲಂಗಾ ಮತ್ತು ಉದಗೀರ ತಾಲೂಕುಗಳಂತೂ ಬೀದರ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು, ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ಅದೇ ದಿನ, ಬೀದರ ಮೈಸೂರು ರಾಜ್ಯಕ್ಕೂ ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೂ ಹೋದವು. 1960ರ ಮೇ 1ರಂದು ಮಹಾರಾಷ್ಟ್ರ ರಚನೆಯಾಯಿತು. ಗೆರೆ ಬಿದ್ದದ್ದು ನಕಾಶೆಯ ಮೇಲೆ. ನೆಂಟಸ್ತಿಕೆ, ಹೊಲ, ಸಂತೆ, ಜಾತ್ರೆಗಳು ಗೆರೆಯ ಎರಡೂ ಬದಿಗಳಲ್ಲಿ ಉಳಿದವು. ಕನ್ನಡ ಮನೆಮಾತಿನ ಕುಟುಂಬಗಳಿಗೆ ಬಸವಕಲ್ಯಾಣ, ಆಳಂದ, ಭಾಲ್ಕಿಗಳು ಪರವೂರುಗಳಲ್ಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಉಮರ್ಗಾ ದಾಟಿದ ಮೇಲೆ ಕರ್ನಾಟಕವನ್ನು ಹೊಕ್ಕು ಹುಮನಾಬಾದಿನತ್ತ ಸಾಗುತ್ತದೆ. ಉಮರ್ಗಾದವನ ವಾಹನಕ್ಕೆ ಎಂ.ಎಚ್. 25, ಬಸವಕಲ್ಯಾಣದವನದಕ್ಕೆ ಕೆ.ಎ. 56. ಮಂಜೇಶ್ವರದವನಿಗೆ ಕೆ.ಎಲ್. 14, ಮಂಗಳೂರಿನವನಿಗೆ ಕೆ.ಎ. 19 ಎಂಬಂತೆಯೇ ಇದು.

ಈಗ ಪ್ರಶ್ನೆಗೆ ಬರೋಣ. ವಾಹನ ಇಟ್ಟುಕೊಂಡವನ ಬಳಿ ಮುಖ್ಯವಾಗಿ ಮೂರು ದಾಖಲೆಗಳಿರುತ್ತವೆ: ಲೈಸೆನ್ಸು, ವಿಮೆ ಮತ್ತು ಆರ್.ಸಿ. ಲೈಸೆನ್ಸು ಯಾವ ರಾಜ್ಯದಲ್ಲಿ ಪಡೆದರೂ ಭಾರತದಾದ್ಯಂತ ಸಲ್ಲುತ್ತದೆ ಎಂದು 1988ರ ಮೋಟಾರು ವಾಹನ ಕಾಯಿದೆಯ 13ನೇ ಸೆಕ್ಷನ್ ಹೇಳುತ್ತದೆ. ವಿಮೆಯೂ ದೇಶವಿಡೀ ಚಾಲ್ತಿಯಲ್ಲಿರುತ್ತದೆ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಮತ್ತೆ ನೋಂದಾಯಿಸಬೇಕಾಗಿಲ್ಲ ಎಂಬುದು 46ನೇ ಸೆಕ್ಷನ್. ಇಷ್ಟರಮಟ್ಟಿಗೆ ನಾವೆಲ್ಲರೂ ಒಂದೇ ದೇಶದ ಪ್ರಜೆಗಳು. ತೊಡಕು ಬರುವುದು ತೆರಿಗೆಯಲ್ಲಿ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯ 57ನೇ ವಿಷಯ. ಅದರ ತತ್ತ್ವಗಳನ್ನು ನಿರ್ಣಯಿಸುವ ಅಧಿಕಾರ ಸಮವರ್ತಿ ಪಟ್ಟಿಯ 35ನೇ ವಿಷಯದಲ್ಲಿ ಕೇಂದ್ರಕ್ಕೂ ಇದೆ. ಆದರೆ ದರ ನಿಗದಿ ಮಾಡಿ ಹಣ ಪಡೆಯುವುದು ರಾಜ್ಯವೇ. ಓಡಿಸುವವನು ಭಾರತೀಯ, ಅವನು ಕಟ್ಟಿದ ತೆರಿಗೆ ಮಾತ್ರ ಒಂದು ರಾಜ್ಯದ್ದು. ಗಡಿಯವನ ಕಷ್ಟದ ಬೇರು ಇಲ್ಲಿದೆ.

ದರಗಳ ಅಂತರವನ್ನೂ ನೋಡಬೇಕು. ಎಂಟು ಲಕ್ಷ ರೂಪಾಯಿ ಬೆಲೆಯ ಸ್ವಂತ ಉಪಯೋಗದ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದಲ್ಲಿ ಒಂದಾವರ್ತಿ ತೆರಿಗೆ ಶೇಕಡಾ 11, ಅಂದರೆ 88,000 ರೂಪಾಯಿ. ಅದೇ ಕಾರಿಗೆ ಕರ್ನಾಟಕದ ಆಜೀವ ತೆರಿಗೆ ಶೇಕಡಾ 14ರಂತೆ, ಉಪಕರ ಬಿಟ್ಟು, 1,12,000 ರೂಪಾಯಿ. ಬೆಲೆ ಏರಿದಂತೆ ಅಂತರವೂ ಏರುತ್ತದೆ. ಸ್ವಲ್ಪ ಉಳಿಯಲೆಂದು ಆಚೆಯ ರಾಜ್ಯದ ವಿಳಾಸದಲ್ಲಿ ವಾಹನ ಕೊಳ್ಳುವವರು ಇಲ್ಲವೆನ್ನಲಾಗದು. ಪುದುಚೇರಿಯ ವಿಳಾಸ ತೋರಿಸಿ ಕೇರಳದಲ್ಲಿ ಓಡಿಸುತ್ತಿದ್ದ ಐಷಾರಾಮಿ ಕಾರುಗಳ ಮೇಲೆ 2017ರಲ್ಲಿ ನಡೆದ ತನಿಖೆ ವಾಚಕರಿಗೆ ನೆನಪಿರಬಹುದು. ಆದುದರಿಂದ ರಾಜ್ಯಗಳು ಹೊರಗಿನ ನಂಬರನ್ನು ಸಂಶಯದಿಂದ ನೋಡುವುದಕ್ಕೆ ಕಾರಣವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ಕೋಟಿ ಬೆಲೆಯ ಕಾರಿನವನನ್ನು ಹಿಡಿಯಲು ಬೀಸಿದ ಬಲೆಯಲ್ಲಿ ತೊಗರಿ ಮಾರಲು ಗಡಿ ದಾಟಿದ ರೈತ ಸಿಕ್ಕಿಬೀಳಬಾರದು ಎಂಬುದಷ್ಟೇ ನಮ್ಮ ವಾದ.

ಕಾನೂನು ನಿಜವಾಗಿ ಏನನ್ನು ಹೇಳುತ್ತದೆ ಎಂಬುದನ್ನು ತಿಳಿದಿರುವುದು ಈ ಕಾರಣಕ್ಕಾಗಿ ಅಗತ್ಯ. 47ನೇ ಸೆಕ್ಷನಿನ ಪ್ರಕಾರ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಇಲ್ಲಿ ಮುಖ್ಯವಾದುದು 'ಇಟ್ಟುಕೊಳ್ಳುವುದು' ಎಂಬ ಮಾತು. ಸಾಸ್ತೂರದವನು ಬೆಳಿಗ್ಗೆ ಬಸವಕಲ್ಯಾಣಕ್ಕೆ ಹೋಗಿ ಸಂಜೆ ಮನೆಗೆ ಮರಳಿದರೆ ಅವನ ವಾಹನ ಕರ್ನಾಟಕದಲ್ಲಿ ಇಟ್ಟುಕೊಂಡದ್ದೆಂದು ಆಗುವುದಿಲ್ಲ. ಉಪ್ಪಳದಿಂದ ಮಂಗಳೂರಿಗೆ ದಿನನಿತ್ಯ ಹೋಗಿಬರುವವನ ಸ್ಥಿತಿಯೂ ಅದೇ. ಎಷ್ಟು ಸಲ ಗಡಿ ದಾಟಿದನೆಂಬುದಕ್ಕಿಂತ ವಾಹನ ರಾತ್ರಿ ಸಾಮಾನ್ಯವಾಗಿ ಎಲ್ಲಿ ತಂಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಬಾಡಿಗೆಯ ವಾಹನಗಳಿಗೆ ಪರ್ಮಿಟ್ಟಿನ ನಿಯಮಗಳು ಬೇರೆ ಇರುವುದರಿಂದ ಈ ಮಾತು ಸ್ವಂತ ಉಪಯೋಗದ ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ.

2014ರಲ್ಲಿ ಕರ್ನಾಟಕ ಸರಕಾರವು ತನ್ನ 1957ರ ವಾಹನ ತೆರಿಗೆ ಕಾಯಿದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಕಾಲ ರಾಜ್ಯದಲ್ಲಿದ್ದರೆ ಆಜೀವ ತೆರಿಗೆ ಕಟ್ಟತಕ್ಕದ್ದೆಂದು ವಿಧಿಸಿತ್ತು. 2016ರಲ್ಲಿ ಆ ರಾಜ್ಯದ ಹೈಕೋರ್ಟೇ ಅದನ್ನು ರದ್ದುಪಡಿಸಿತು. ಕೇಂದ್ರದ ಕಾಯಿದೆ 12 ತಿಂಗಳೆನ್ನುವಲ್ಲಿ ರಾಜ್ಯ 30 ದಿನವೆಂದದ್ದು ನಿಲ್ಲಲಿಲ್ಲ. ಹೀಗಿದ್ದರೂ ಹಳೆಯ ಮೂವತ್ತು ದಿನದ ಮಾತು ಜನರ ಬಾಯಲ್ಲಿ ಇನ್ನೂ ಉಳಿದುಕೊಂಡಿದೆ. ತಿಳಿಯದವನು ರಸ್ತೆಬದಿಯಲ್ಲಿ ಹೆದರಿ ನಿಲ್ಲುತ್ತಾನೆ. ಹೆದರಿದವನನ್ನು ಹೆದರಿಸುವುದು ಸುಲಭ.

ಇನ್ನು ನಿಜವಾಗಿಯೇ ಮನೆ ಬದಲಿಸಿದವನ ಪಾಡು. ನಿಲಂಗಾದವನೊಬ್ಬ ಉದ್ಯೋಗ ದೊರೆತು ಭಾಲ್ಕಿಯಲ್ಲಿ ನೆಲಸಿದನೆಂದು ಇಟ್ಟುಕೊಳ್ಳೋಣ. ಮೊದಲು ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಬೇಕು. ಅನಂತರ ಹೊಸ ಕಚೇರಿಯಲ್ಲಿ ವಾಹನದ ಪ್ರಾಯಕ್ಕನುಗುಣವಾಗಿ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು. ಅದಾದ ಮೇಲೆ ಹಳೆಯ ರಾಜ್ಯಕ್ಕೆ ಅರ್ಜಿ ಹಾಕಿ, ಕಟ್ಟಿದ್ದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಹಿಂದೆ ಕೇಳಬೇಕು. ಕೊಡಬೇಕಾದುದನ್ನು ಮೊದಲೇ ಒಂದೇ ಕಂತಿನಲ್ಲಿ ಕೊಡುವುದು, ಬರಬೇಕಾದುದಕ್ಕೆ ಕಾಯುವುದು, ಇದು ನೌಕರನ ತಲೆಗೆ ಬರುವ ಹೊರೆ. ನಿರಾಕ್ಷೇಪಣಾ ಪತ್ರದ ಅರ್ಜಿಗೆ 30 ದಿನದೊಳಗೆ ನಿರಾಕರಣೆಯ ಉತ್ತರ ಬಾರದಿದ್ದರೆ ಅದು ದೊರೆತಂತೆಯೇ ಎಂದು 48ನೇ ಸೆಕ್ಷನ್ ಹೇಳುತ್ತದೆ. ಆದುದರಿಂದ ಅರ್ಜಿ ಕೊಟ್ಟ ರಶೀದಿಯನ್ನು ಜೋಪಾನವಾಗಿಡಬೇಕೆಂದು ನಮ್ಮ ವಾಚಕರಿಗೂ ಹೇಳುತ್ತೇವೆ.

ಈ ಅಲೆದಾಟಕ್ಕೆ ಪರಿಹಾರವೆಂದು ಕೇಂದ್ರ ಸರಕಾರವು 2021ರ ಸೆಪ್ಟೆಂಬರ್ 15ರಿಂದ 'ಬಿ.ಎಚ್.' ಎಂಬ ಭಾರತ ಸರಣಿಯ ನಂಬರನ್ನು ಜಾರಿಗೆ ತಂದಿತು. ಇದರಲ್ಲಿ ಪೂರ್ತಿ ತೆರಿಗೆಯನ್ನು ಒಮ್ಮೆಲೇ ಕಟ್ಟಬೇಕಾಗಿಲ್ಲ. ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ರಾಜ್ಯ ಬದಲಾದರೂ ನಂಬರು ಬದಲಾಗದು. ಯೋಜನೆ ಉತ್ತಮವಾದುದೇ. ಆದರೆ ಯಾರಿಗೆ? ಸೈನ್ಯದವರಿಗೆ, ಕೇಂದ್ರ ಮತ್ತು ರಾಜ್ಯ ಸರಕಾರಗಳ ಹಾಗೂ ಸರಕಾರಿ ಉದ್ದಿಮೆಗಳ ನೌಕರರಿಗೆ, ನಾಲ್ಕು ಯಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಕಂಪೆನಿಗಳ ನೌಕರರಿಗೆ. ವರ್ಗಾವಣೆಯಾಗಿ ಹತ್ತು ವರ್ಷಕ್ಕೊಮ್ಮೆ ಗಡಿ ದಾಟುವ ಅಧಿಕಾರಿಗೆ ಅದು ಸಿಗುತ್ತದೆ. ವಾರಕ್ಕೆ ಹತ್ತು ಸಲ ದಾಟುವ ಉದಗೀರದ ವ್ಯಾಪಾರಿಗೆ, ಕುಂಬಳೆಯ ಅಂಗಡಿಯವನಿಗೆ, ಎರಡು ರಾಜ್ಯಗಳಲ್ಲಿ ಹೊಲವಿರುವ ರೈತನಿಗೆ ಸಿಗುವುದಿಲ್ಲ. ಗಡಿ ಯಾರ ಬಾಗಿಲಲ್ಲೇ ಇದೆಯೋ ಅವರು ಯೋಜನೆಯ ಹೊರಗುಳಿದಿರುವುದು ವಿಪರ್ಯಾಸವೇ ಸರಿ.

ಇದೊಂದು ತೆರಿಗೆಯ ಲೆಕ್ಕ ಮಾತ್ರವೆಂದು ಯಾರೂ ಭಾವಿಸಬಾರದು. 2022ರ ಡಿಸೆಂಬರ್ 6ರಂದು ಗಡಿ ವಿವಾದ ಕಾವೇರಿದಾಗ ಬೆಳಗಾವಿಯ ಹಿರೇಬಾಗೇವಾಡಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಚಾಲಕ ಯಾರು, ಅವನ ಮನೆಮಾತು ಯಾವುದು ಎಂದು ಕಲ್ಲು ಕೇಳಲಿಲ್ಲ. ಸಾಸ್ತೂರದ ಕನ್ನಡಿಗನ ಸಂಕಟ ಇಲ್ಲಿ ಇಮ್ಮಡಿಯಾಗುತ್ತದೆ. ತನ್ನ ರಾಜ್ಯದಲ್ಲಿ ಅವನು ಭಾಷೆಯಿಂದ ಬೇರೆಯವನು. ತನ್ನ ಭಾಷೆಯ ರಾಜ್ಯದಲ್ಲಿ ನಂಬರಿನಿಂದ ಬೇರೆಯವನು. ವಾಹನದ ನಂಬರನ್ನು ದೇಶವಿಡೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಬರೆಯತಕ್ಕದ್ದೆಂಬುದು 1989ರ ಕೇಂದ್ರ ನಿಯಮ. ಹಾಗಾಗಿ ಆ ನಂಬರಿಗೆ ಮಾತೃಭಾಷೆಯಿಲ್ಲ. ಆದರೂ ಅದನ್ನು ನೋಡಿ ಜನರು ಓಡಿಸುವವನ ಭಾಷೆಯನ್ನು ತೀರ್ಮಾನಿಸುತ್ತಾರೆ.

ನಮಗೆ ಇದರ ಇನ್ನೂ ಕಹಿಯಾದ ಅನುಭವವಿದೆ. 2020ರ ಮಾರ್ಚಿನಲ್ಲಿ ಕೊರೋನಾ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಜಿಲ್ಲೆಯ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಪ್ರಾಣ ಕಳಕೊಂಡವರೂ ಇದ್ದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರ ಕಳೆದ ಮೇಲಷ್ಟೇ ತುರ್ತು ರೋಗಿಗಳ ವಾಹನಗಳಿಗೆ ದಾರಿ ತೆರೆಯಿತು. 2021ರ ಫೆಬ್ರವರಿಯಲ್ಲಿ ಕರ್ನಾಟಕವು ಕೇರಳ ಮತ್ತು ಮಹಾರಾಷ್ಟ್ರಗಳಿಂದ ಬರುವವರಿಗೆ ಕೊರೋನಾ ಪರೀಕ್ಷೆಯ ವರದಿಯನ್ನು ಕಡ್ಡಾಯಗೊಳಿಸಿದಾಗ ತಲಪಾಡಿಯವರೂ ಉಮರ್ಗಾದವರೂ ಒಂದೇ ಸಾಲಿನಲ್ಲಿ ನಿಂತಂತಾಯಿತು. ರೋಗವನ್ನು ತಡೆಯುವುದು ಸರಕಾರದ ಕರ್ತವ್ಯ, ಒಪ್ಪೋಣ. ಆದರೆ ಆಸ್ಪತ್ರೆ ಒಂದು ರಾಜ್ಯದಲ್ಲೂ ರೋಗಿ ಇನ್ನೊಂದು ರಾಜ್ಯದಲ್ಲೂ ಇರುವಲ್ಲಿ ರಸ್ತೆಯೇ ಪ್ರಾಣ ಎಂಬುದನ್ನು ರಾಜಧಾನಿಯಲ್ಲಿ ಕುಳಿತವರು ಮರೆಯಬಾರದು.

ಇದಕ್ಕೆ ಮಾಡಬಹುದಾದುದು ಅಸಾಧ್ಯವಾದುದೇನಲ್ಲ. ಭಾರತ ಸರಣಿಯ ನಂಬರನ್ನು ರಾಜ್ಯಗಳ ಗಡಿ ತಾಲೂಕುಗಳ ಖಾಯಂ ನಿವಾಸಿಗಳಿಗೂ ಕೊಡುವ ಬಗ್ಗೆ ಕೇಂದ್ರವು ಯೋಚಿಸಬೇಕು. ವಾಹನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದಾಗ ಉಳಿಕೆ ತೆರಿಗೆಯನ್ನು ರಾಜ್ಯಗಳೇ ಪರಸ್ಪರ ಹೊಂದಿಸಿಕೊಳ್ಳಬೇಕು. ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿರುವ ಈ ಕಾಲದಲ್ಲಿ ಪ್ರಜೆಯನ್ನು ಎರಡು ಕಚೇರಿಗಳ ನಡುವೆ ಓಡಾಡಿಸುವ ಅಗತ್ಯವಿಲ್ಲ. ಗಡಿಯ ಆರ್.ಟಿ.ಒ. ಕಚೇರಿಗಳಲ್ಲಿಯೂ ಚೆಕ್‌ಪೋಸ್ಟುಗಳಲ್ಲಿಯೂ ಹನ್ನೆರಡು ತಿಂಗಳ ನಿಯಮವನ್ನು ಎರಡೂ ಭಾಷೆಗಳಲ್ಲಿ ಬರೆದು ತೂಗುಹಾಕಬೇಕು. ಕುಂದುಕೊರತೆಯ ಅರ್ಜಿಯನ್ನು ಒಕ್ಕೂಟದಲ್ಲಿ ಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲಿ ಬರೆದ ಅರ್ಜಿಯನ್ನು ಉಮರ್ಗಾದಲ್ಲಾಗಲಿ ಕಾಸರಗೋಡಿನಲ್ಲಾಗಲಿ ಹಿಂದಿರುಗಿಸುವಂತಿಲ್ಲ.

ಅಷ್ಟರತನಕ ನಾವು ಮಾಡಬೇಕಾದುದೂ ಇದೆ. ಆರ್.ಸಿ., ವಿಮೆ, ಹೊಗೆ ತಪಾಸಣೆಯ ಪತ್ರಗಳನ್ನು ಸರಿಯಾಗಿಡೋಣ. ಡಿಜಿಲಾಕರಿನಲ್ಲಿ ತೋರಿಸಿದ ಪತ್ರವೂ 2020ರ ಅಕ್ಟೋಬರಿನಿಂದ ಜಾರಿಯಾದ ನಿಯಮದಂತೆ ಸಲ್ಲುತ್ತದೆ. ವಾಹನ ಮನೆಗೆ ಮರಳುತ್ತದೆ ಎಂಬುದಕ್ಕೆ ಟೋಲಿನ ಲೆಕ್ಕ, ಪೆಟ್ರೋಲಿನ ರಶೀದಿ, ಗ್ಯಾರೇಜಿನ ಬಿಲ್ಲುಗಳನ್ನು ಎಸೆಯದೆ ಇಟ್ಟುಕೊಳ್ಳೋಣ. ದಂಡ ಕಟ್ಟೆಂದರೆ ಯಾವ ಸೆಕ್ಷನಿನಲ್ಲಿ ಎಂದು ವಿನಯದಿಂದ ಕೇಳಿ, ರಶೀದಿ ಪಡೆದೇ ಕಟ್ಟೋಣ. ಸುಳ್ಳು ವಿಳಾಸದಲ್ಲಿ ವಾಹನ ಕೊಳ್ಳುವುದನ್ನು ಬಿಡೋಣ. ಒಬ್ಬನ ಉಳಿತಾಯದ ಸಂಶಯ ನಂತರ ಗಡಿಯ ಎಲ್ಲರ ಮೇಲೂ ಬೀಳುತ್ತದೆ.

ದೇಶದಾದ್ಯಂತ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿಯೊಬ್ಬ ಪ್ರಜೆಗೂ ನೀಡಿದೆ. ದುಬೈಯಲ್ಲಿ ಹೊರಗಿನವನಾಗಿ ಬಾಳುವುದನ್ನು ನಮ್ಮ ಹುಡುಗರು ಕಲಿತಿದ್ದಾರೆ. ಅದು ಅವರು ಆರಿಸಿಕೊಂಡ ದಾರಿ. ಸಾಸ್ತೂರದವನಾಗಲಿ ಮಂಜೇಶ್ವರದವನಾಗಲಿ ಗಡಿಯನ್ನು ಆರಿಸಿಕೊಂಡವನಲ್ಲ. ಅವನ ವಾಹನವನ್ನು ತಡೆದು ನಿಲ್ಲಿಸುವ ಮೊದಲು ಸಂಬಂಧಪಟ್ಟವರು ಇಷ್ಟನ್ನಾದರೂ ಗಮನಿಸುವರೇ?