ಯುರೋಪಿನ ಪ್ರಜೆಗಳ ಬಾಳಸಂಗಾತಿಗಳಿಗೆ ವೀಸಾ ಇಲ್ಲದ ಸಂಚಾರ: ಒಂದು ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಅರ್ಜಿಗಳ ಸಮಿತಿ, ಯುರೋಪಿಯನ್ ಸಂಸತ್ತು,
ಬ್ರಸೆಲ್ಸ್.

ಇಂದ,
ಯುರೋಪಿಯನ್ ಒಕ್ಕೂಟದ ಪ್ರಜೆಗಳನ್ನು ಮದುವೆಯಾಗಿ ಒಕ್ಕೂಟದ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಮತ್ತು ಅವರ ಸಂಗಾತಿಗಳು.

ವಿಷಯ: 2004/38ನೇ ನಿರ್ದೇಶನದ 5ನೇ ವಿಧಿ ಕೊಟ್ಟಿರುವ ವೀಸಾ ವಿನಾಯಿತಿಯನ್ನು ಸರಿಯಾಗಿ ಜಾರಿಗೊಳಿಸುವ ಹಾಗೂ ಸ್ವಂತ ದೇಶದಲ್ಲೇ ನೆಲೆಸಿದ ಪ್ರಜೆಗಳ ಸಂಗಾತಿಗಳಿಗೂ ಅದನ್ನು ವಿಸ್ತರಿಸುವ ಬಗ್ಗೆ.

ಮಾನ್ಯರೇ,

ಒಕ್ಕೂಟದಲ್ಲಿ ವಾಸಿಸುವ ಯಾರೇ ಆಗಲಿ, ಅದರ ಪ್ರಜೆಯಲ್ಲದಿದ್ದರೂ, ತಮ್ಮನ್ನು ನೇರವಾಗಿ ತಟ್ಟುವ ವಿಷಯದಲ್ಲಿ ಸಂಸತ್ತಿಗೆ ಅರ್ಜಿ ಸಲ್ಲಿಸಬಹುದೆಂದು ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 227ನೇ ವಿಧಿ ಹೇಳುತ್ತದೆ. ಆ ಹಕ್ಕಿನ ಬಲದಿಂದ ಈ ಮನವಿ ಸಲ್ಲಿಸುತ್ತಿದ್ದೇವೆ. ಒಕ್ಕೂಟದ ಅಧಿಕೃತ ಭಾಷೆಯಲ್ಲಿರುವ ಪ್ರತಿಯನ್ನು ಲಗತ್ತಿಸಿದ್ದೇವೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಈ ವಿಷಯ ನಮ್ಮನ್ನು ತಟ್ಟಿದಷ್ಟೇ ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ನಮ್ಮ ದಾರಿ ಕಾಯುವ ತಂದೆತಾಯಿಯರನ್ನೂ ತಟ್ಟುತ್ತದೆ. ನಾವು ಏನು ಕೇಳುತ್ತಿದ್ದೇವೆಂಬುದು ಅವರಿಗೂ ತಿಳಿಯಬೇಕು.

ಡಬ್ಲಿನ್ ನಗರದ ಒಂದೇ ಬೀದಿಯಲ್ಲಿ ಭಾರತದ ಪಾಸ್‌ಪೋರ್ಟ್ ಇರುವ ಇಬ್ಬರು ಹೆಣ್ಣುಮಕ್ಕಳು ಇದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರ ಗಂಡ ಪೋಲೆಂಡಿನವರು, ಕೆಲಸಕ್ಕಾಗಿ ಐರ್ಲೆಂಡಿಗೆ ಬಂದವರು. ಇನ್ನೊಬ್ಬರ ಗಂಡ ಅಲ್ಲೇ ಹುಟ್ಟಿ ಬೆಳೆದ ಐರಿಷ್ ಪ್ರಜೆ. ರಜೆಗೆಂದು ಎರಡೂ ಸಂಸಾರಗಳು ಪ್ಯಾರಿಸ್ಸಿಗೆ ಹೊರಟರೆ, ಪೋಲೆಂಡಿನವರ ಹೆಂಡತಿ ತಮ್ಮ ರೆಸಿಡೆನ್ಸ್ ಕಾರ್ಡ್ ತೋರಿಸಿ ಗಂಡನ ಜೊತೆ ವಿಮಾನ ಹತ್ತಬಹುದು. ಐರಿಷ್ ಪ್ರಜೆಯ ಹೆಂಡತಿ ಮಾತ್ರ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕು, ಬೆರಳಚ್ಚು ಕೊಡಬೇಕು, ಪಾಸ್‌ಪೋರ್ಟ್ ಒಪ್ಪಿಸಿ ಕಾಯಬೇಕು. ಇಬ್ಬರ ಗಂಡಂದಿರೂ ಒಕ್ಕೂಟದ ಪ್ರಜೆಗಳೇ, ಇಬ್ಬರ ಮದುವೆಯೂ ಅಷ್ಟೇ ಕಾನೂನುಬದ್ಧ. ವೀಸಾದ ಹೊರೆ ಬಿದ್ದಿರುವುದು ತನ್ನ ದೇಶ ಬಿಟ್ಟು ಕದಲದವನನ್ನು ಮದುವೆಯಾದವಳ ಮೇಲೆ.

ಇದು ಯಾವುದೋ ಅಧಿಕಾರಿಯ ಕಣ್ತಪ್ಪಲ್ಲ, ಕಾನೂನೇ ಹೀಗಿದೆ. 2004ರ ಏಪ್ರಿಲ್ 29ರ ಈ 2004/38ನೇ ನಿರ್ದೇಶನದ 3ನೇ ವಿಧಿ ತನ್ನ ಸೌಲಭ್ಯಗಳನ್ನು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋದ ಅಥವಾ ಅಲ್ಲಿ ನೆಲೆಸಿದ ಪ್ರಜೆಗೂ ಅವನ ಜೊತೆಗಿರುವ ಕುಟುಂಬಕ್ಕೂ ಸೀಮಿತಗೊಳಿಸಿದೆ. ಅಂಥವರ ಸಂಗಾತಿಗೆ 10ನೇ ವಿಧಿಯಡಿ ಕಾರ್ಡ್ ಸಿಗುತ್ತದೆ. ಆ ಕಾರ್ಡ್ ಇದ್ದವರಿಗೆ ವೀಸಾ ಬೇಡವೆಂದು 5ನೇ ವಿಧಿ ಹೇಳುತ್ತದೆ. ಐರಿಷ್ ಪ್ರಜೆಯ ಹೆಂಡತಿಗೆ ಸಿಗುವುದು ಐರ್ಲೆಂಡಿನ ಸ್ವಂತ ಕಾನೂನಿನ ಪರವಾನಗಿ. ಅದು ಎಷ್ಟೇ ಗಟ್ಟಿಯಾಗಿದ್ದರೂ ಫ್ರಾನ್ಸಿನ ಗಡಿಯಲ್ಲಿ ಅದಕ್ಕೆ ಬೆಲೆಯಿಲ್ಲ. ಇದೇ ಕಥೆ ಎದುರು ದಿಕ್ಕಿನಲ್ಲೂ ನಡೆಯುತ್ತದೆ. ಜರ್ಮನಿಯಲ್ಲಿ ಜರ್ಮನ್ ಪ್ರಜೆಯನ್ನು ಮದುವೆಯಾಗಿ ನೆಲೆಸಿದ ಭಾರತೀಯರು ಷೆಂಗೆನ್ನಿನ ಇತರ ದೇಶಗಳಿಗೆ ತಮ್ಮ ಪರವಾನಗಿಯ ಮೇಲೆಯೇ, ಯಾವುದೇ 180 ದಿನಗಳಲ್ಲಿ 90 ದಿನ, ಹೋಗಿಬರಬಹುದು. ಷೆಂಗೆನ್ನಿಗೆ ಸೇರದ ಡಬ್ಲಿನ್ನಿಗೆ ಹೋಗಬೇಕೆಂದರೆ ವೀಸಾ ಬೇಕು. ಅದೇ ಜರ್ಮನಿಯಲ್ಲಿರುವ ಫ್ರೆಂಚ್ ಪ್ರಜೆಯ ಸಂಗಾತಿಗೆ ಬೇಡ.

ಕುಟುಂಬ ಒಡೆದರೆ ಪ್ರಜೆಯ ಮುಕ್ತ ಸಂಚಾರದ ಹಕ್ಕೂ ಒಡೆಯುತ್ತದೆ ಎಂಬ ತತ್ವವನ್ನು ಮೊದಲು ಗಟ್ಟಿಯಾಗಿ ಸ್ಥಾಪಿಸಿದ ತೀರ್ಪುಗಳಲ್ಲಿ ಒಂದು ಭಾರತೀಯನೊಬ್ಬನ ಹೆಸರಿನಲ್ಲಿಯೇ ಇದೆ ಎಂಬುದನ್ನು ಇಲ್ಲಿ ನೆನಪಿಸಬಯಸುತ್ತೇವೆ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬರನ್ನು ಮದುವೆಯಾದರು. ದಂಪತಿ 1983ರಿಂದ 1985ರವರೆಗೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದರು. ಹೊರದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪ್ರಜೆಯ ಸಂಗಾತಿಗೆ ಆ ದೇಶಕ್ಕೆ ಬಂದು ನೆಲೆಸುವ ಹಕ್ಕಿದೆ ಎಂದು ಲಕ್ಸೆಂಬರ್ಗಿನಲ್ಲಿರುವ ಒಕ್ಕೂಟದ ನ್ಯಾಯಾಲಯ 1992ರ ಜುಲೈ 7ರಂದು ಹೇಳಿತು. ಮರಳಿದಾಗ ಸಂಗಾತಿಗೆ ಹಕ್ಕಿಲ್ಲವೆಂದಾದರೆ ಯಾರೂ ಹೊರಡುವ ಮನಸ್ಸೇ ಮಾಡುವುದಿಲ್ಲ ಎಂಬುದು ಅದರ ತರ್ಕ. ಆ ತರ್ಕ ಒಂದು ವಾರದ ಪ್ರವಾಸಕ್ಕೂ, ಇನ್ನೊಂದು ದೇಶದಲ್ಲಿರುವ ಅತ್ತೆಮಾವಂದಿರ ಭೇಟಿಗೂ ಸಲ್ಲಬೇಕೆಂಬುದು ನಮ್ಮ ವಾದ. ಹೆಂಡತಿಯನ್ನು ಬಿಟ್ಟು ಹೊರಡಲಾಗದೆ ಮನೆಯಲ್ಲೇ ಉಳಿಯುವ ಐರಿಷ್ ಪ್ರಜೆಯ ಸಂಚಾರ ಹಕ್ಕು ಯಾವ ಅರ್ಥದಲ್ಲಿ ಮುಕ್ತ?

ಮುಂದಿನ ತೀರ್ಪುಗಳೂ ನಮ್ಮ ಪರವಾಗಿಯೇ ಇವೆ. ಗುರುತು ಮತ್ತು ಮದುವೆಯನ್ನು ಸಾಬೀತುಪಡಿಸಬಲ್ಲ, ಅಪಾಯಕಾರಿಯಲ್ಲದ ಸಂಗಾತಿಯನ್ನು ವೀಸಾ ಇಲ್ಲವೆಂಬ ಒಂದೇ ಕಾರಣಕ್ಕೆ ಗಡಿಯಿಂದ ಹಿಂದೆ ಕಳಿಸಬಾರದೆಂದು 2002ರ ಜುಲೈ 25ರ ತೀರ್ಪು ಹೇಳಿತು. ಸುಳ್ಳು ಮದುವೆಗಳಿವೆ ಎಂಬ ಸಾಮಾನ್ಯ ಭಯದ ಮೇಲೆ ಎಲ್ಲ ಕಾರ್ಡುದಾರರಿಗೂ ಹೆಚ್ಚುವರಿ ಪರವಾನಗಿ ಹೇರುವಂತಿಲ್ಲವೆಂದು 2014ರ ಮೆಕಾರ್ಥಿ ತೀರ್ಪು ಹೇಳಿತು. ಸಲಿಂಗಿ ಮದುವೆಯ ಸಂಗಾತಿಗೂ ಇದೇ ನಿರ್ದೇಶನದ ರಕ್ಷಣೆಯಿದೆ ಎಂದು 2018ರ ಕೋಮಾನ್ ತೀರ್ಪು ಹೇಳಿತು.

ಹೀಗೆ ಹಕ್ಕು ಪಡೆದವರಿಗಾದರೂ ಅದು ಕೈಗೆ ಸಿಗುತ್ತಿದೆಯೇ ಎಂದು ಕೇಳಿದರೆ, ನಮ್ಮ ಅನುಭವದ ಮೇಲೆ ಇಲ್ಲವೆಂದೇ ಹೇಳಬೇಕು. ಕಾನೂನು ಬ್ರಸೆಲ್ಸಿನಲ್ಲಿದೆ, ತೀರ್ಪು ಲಕ್ಸೆಂಬರ್ಗಿನಲ್ಲಿದೆ. ಬೋರ್ಡಿಂಗ್ ಪಾಸ್ ಕೊಡುವ ಅಥವಾ ಕೊಡದಿರುವ ನಿರ್ಧಾರವನ್ನು ತೆಗೆದುಕೊಳ್ಳುವವರು ಚೆಕ್-ಇನ್ ಕೌಂಟರಿನಲ್ಲಿ ಕೂತ ಇಪ್ಪತ್ತೆರಡು ವರ್ಷದ ಒಬ್ಬ ನೌಕರ. ಅವರ ಮೇಲೆ ನಮಗೆ ಸಿಟ್ಟಿಲ್ಲ. ದಾಖಲೆ ಸರಿಯಿಲ್ಲದ ಪ್ರಯಾಣಿಕರನ್ನು ಕರೆತಂದ ವಿಮಾನ ಸಂಸ್ಥೆಗೆ ಸಾವಿರಾರು ಯೂರೋ ದಂಡ ಹಾಕಬೇಕೆಂದು ಒಕ್ಕೂಟದ 2001/51ನೇ ನಿರ್ದೇಶನವೇ ಹೇಳುತ್ತದೆ. ತಪ್ಪಾಗಿ ತಡೆದರೆ ಅಂಥ ದಂಡ ಕಾದಿಲ್ಲ. ಹೀಗಿರುವಾಗ ಅನುಮಾನ ಬಂದಲ್ಲಿ ತಡೆಯುವುದೇ ಕ್ಷೇಮವೆಂದು ನೌಕರರು ಭಾವಿಸುತ್ತಾರೆ. 2017ರ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಬುಡಾಪೆಸ್ಟಿಗೆ ಬಂದ ಉಕ್ರೇನಿನ ಪ್ರಯಾಣಿಕರೊಬ್ಬರ ಬಳಿ ಬ್ರಿಟನ್ ಕೊಟ್ಟ ಶಾಶ್ವತ ವಾಸದ ಕಾರ್ಡ್ ಇತ್ತು, ವೀಸಾ ಇರಲಿಲ್ಲ. ಹಂಗೇರಿಯ ಪೊಲೀಸರು ರೈನೇರ್ ಸಂಸ್ಥೆಗೆ 3,000 ಯೂರೋ ದಂಡ ವಿಧಿಸಿದರು. ಶಾಶ್ವತ ವಾಸದ ಕಾರ್ಡಿಗೂ ವೀಸಾ ವಿನಾಯಿತಿ ಇದೆ, ಅದನ್ನು ಕೊಟ್ಟ ದೇಶ ಷೆಂಗೆನ್ನಿನಲ್ಲಿ ಇಲ್ಲದಿದ್ದರೂ ಸರಿಯೇ ಎಂದು ನ್ಯಾಯಾಲಯ ಸ್ಪಷ್ಟಪಡಿಸಿದ್ದು 2020ರ ಜೂನ್ 18ರಂದು. ಗಡಿ ಪೊಲೀಸರಿಗೇ ತಿಳಿಯದ ನಿಯಮ ಕೌಂಟರಿನ ನೌಕರನಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ನಮ್ಮಲ್ಲೊಬ್ಬರನ್ನು ಹೀಗೆಯೇ ಕೌಂಟರಿನಲ್ಲಿ ನಿಲ್ಲಿಸಲಾಯಿತು. ಕೈಯಲ್ಲಿ 10ನೇ ವಿಧಿಯ ಕಾರ್ಡ್ ಇತ್ತು, ಪಕ್ಕದಲ್ಲಿ ಗಂಡನಿದ್ದರು, ಕಂಕುಳಲ್ಲಿ ಮಗುವಿತ್ತು. ಕಾರ್ಡಿನ ಮೇಲೆ ನಿರ್ದೇಶನದ ಸಂಖ್ಯೆ ಅಚ್ಚಾಗಿದ್ದರೂ ವೀಸಾ ಎಲ್ಲಿ ಎಂದೇ ಮತ್ತೆ ಮತ್ತೆ ಕೇಳಿದರು. ಮೇಲಧಿಕಾರಿಗೆ ಫೋನ್ ಹೋಗಿ ಉತ್ತರ ಬರುವಷ್ಟರಲ್ಲಿ ವಿಮಾನ ಹೊರಟಿತ್ತು. ಟಿಕೆಟ್ಟಿನ ಹಣ ಬರಲಿಲ್ಲ, ಕ್ಷಮೆಯ ಮಾತೂ ಬರಲಿಲ್ಲ. ಗಂಡ ಮಗುವನ್ನು ಕರೆದುಕೊಂಡು ಹೋಗಬಹುದಿತ್ತು, ಅವರಿಗೆ ಅಡ್ಡಿಯಿರಲಿಲ್ಲ. ತಾಯಿಯೊಬ್ಬಳನ್ನು ಮಾತ್ರ ಬಿಟ್ಟು ಹೋಗಿ ಎಂದು ಒಂದು ಸಂಸಾರಕ್ಕೆ ಹೇಳುವುದು ಎಂಥ ಅವಮಾನವೆಂದು ತಾವು ಯೋಚಿಸಬೇಕು.

ದಾಖಲೆಗಳಲ್ಲಿ ನಮ್ಮ ಹೆಸರಿನದು ಇನ್ನೊಂದು ತೊಡಕು, ಹೊರಗಿನವರಿಗೆ ಅದು ಸಣ್ಣದಾಗಿ ಕಾಣಬಹುದು. ಕರ್ನಾಟಕದಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಅಥವಾ ಅಪ್ಪನ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ, ವಾಸ ಕಾರ್ಡಿನಲ್ಲಿ ಅದು ಇನ್ನೊಂದು ರೀತಿ ಅಚ್ಚಾಗುತ್ತದೆ, ಟಿಕೆಟ್ಟಿನಲ್ಲಿ ಮೂರನೆಯ ರೀತಿ. ಮದುವೆ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ. ಈ ನಾಲ್ಕೂ ಒಬ್ಬರದೇ ದಾಖಲೆಗಳೆಂದು ಪ್ರತಿ ಗಡಿಯಲ್ಲೂ ವಿವರಿಸುವ ಪಾಡು ನಮ್ಮದು. ದಾಖಲೆ ಕಡಿಮೆ ಬಿದ್ದರೆ ಹಿಂದೆ ಕಳಿಸುವ ಮೊದಲು ಬೇರೆ ದಾರಿಯಲ್ಲಿ ಸಾಬೀತುಪಡಿಸಲು ಸಮಂಜಸ ಅವಕಾಶ ಕೊಡಬೇಕೆಂದು 5ನೇ ವಿಧಿಯ ನಾಲ್ಕನೇ ಖಂಡ ಹೇಳುತ್ತದೆ. ಆ ಖಂಡದ ಹೆಸರನ್ನು ಕೇಳಿದ ಅಧಿಕಾರಿ ನಮಗೆ ಸಿಕ್ಕಿದ್ದು ವಿರಳ.

ಕಾರ್ಡ್ ಇಲ್ಲದೆ ವೀಸಾ ಪಡೆಯಲೇಬೇಕಾದವರ ಸ್ಥಿತಿಯೂ ಉತ್ತಮವಾಗಿಲ್ಲ. ಸಾಮಾನ್ಯ ಷೆಂಗೆನ್ ವೀಸಾಕ್ಕೆ 2024ರ ಜೂನಿನಿಂದ 90 ಯೂರೋ ಶುಲ್ಕವಿದೆ. ಪ್ರಜೆಯ ಜೊತೆ ಅವನ ದೇಶವಲ್ಲದ ಇನ್ನೊಂದು ದೇಶಕ್ಕೆ ಹೊರಟ ಸಂಗಾತಿಗೆ ಅದು ಉಚಿತವಾಗಿರಬೇಕು, ಆದಷ್ಟು ಬೇಗ ಸಿಗಬೇಕು. ನಾಲ್ಕು ವಾರಕ್ಕಿಂತ ಹೆಚ್ಚಿನ ವಿಳಂಬ ಸಮಂಜಸವಲ್ಲವೆಂದು ಯುರೋಪಿಯನ್ ಆಯೋಗ 2009ರಲ್ಲೇ ಹೇಳಿತ್ತು. ಅರ್ಜಿ ನಮೂನೆಯಲ್ಲಿ ನಕ್ಷತ್ರ ಚಿಹ್ನೆಯಿರುವ ಅಂಕಣಗಳನ್ನು ನಾವು ತುಂಬಬೇಕಾಗಿಯೇ ಇಲ್ಲ. ಆದರೂ ಬ್ಯಾಂಕ್ ಸ್ಟೇಟ್‌ಮೆಂಟ್, ಹೋಟೆಲ್ ಬುಕಿಂಗ್, ವಿಮೆ, ಸಂಬಳದ ಚೀಟಿ ಎಂದು ಕೇಳುತ್ತಲೇ ಇರುತ್ತಾರೆ. ಅರ್ಜಿ ಪಡೆಯುವ ಖಾಸಗಿ ಕೇಂದ್ರಗಳು ಸೇವಾ ಶುಲ್ಕ ಬೇರೆ ವಸೂಲು ಮಾಡುತ್ತವೆ. ಕಾನ್ಸುಲೇಟಿಗೇ ನೇರವಾಗಿ, ಖರ್ಚಿಲ್ಲದೆ ಅರ್ಜಿ ಸಲ್ಲಿಸುವ ಹಕ್ಕು ನಮಗಿದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರು. ಆರು ತಿಂಗಳೊಳಗೆ ಕಾರ್ಡ್ ಕೊಡಬೇಕೆಂದು 10ನೇ ವಿಧಿ ಹೇಳುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವುದು ಅರ್ಜಿ ಸಲ್ಲಿಸಿದ ಸ್ವೀಕೃತಿ ಪತ್ರ. ಅದರಿಂದ ವೀಸಾ ವಿನಾಯಿತಿ ಸಿಗುವುದಿಲ್ಲ. ಊರಲ್ಲಿ ಅಪ್ಪನಿಗೆ ಹುಷಾರು ತಪ್ಪಿತೆಂದು ಸುದ್ದಿ ಬಂದರೆ ಹೊರಡಲು ತಡೆಯಿಲ್ಲ, ಮರಳಿ ಗಂಡನ ಮನೆ ಸೇರಲು ಹೊಸದಾಗಿ ವೀಸಾ ಬೇಕು. ಹೋಗದಿದ್ದರೆ ಅಪ್ಪನ ಮುಖ ನೋಡುವುದು ತಪ್ಪುತ್ತದೆ, ಹೋದರೆ ಮಕ್ಕಳಿಂದ ಎಷ್ಟು ದಿನ ದೂರವೋ ತಿಳಿಯದು. ನಮ್ಮ ಪೈಕಿ ಈ ಇಕ್ಕಟ್ಟಿನಲ್ಲಿ ಊರಿಗೆ ಹೋಗದೇ ಉಳಿದವರಿದ್ದಾರೆ. ಅವರ ದುಃಖಕ್ಕೆ ಯಾವ ತೀರ್ಪೂ ಪರಿಹಾರ ಕೊಡಲಾರದು.

ಆದ್ದರಿಂದ ತಮ್ಮ ಸಮಿತಿಯ ಮುಂದೆ ಈ ಬೇಡಿಕೆಗಳನ್ನು ಇಡುತ್ತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾಗಿ, ಸದಸ್ಯ ದೇಶವೊಂದು ತನ್ನದೇ ಪ್ರಜೆಯ ಸಂಗಾತಿಗೆ ಕೊಟ್ಟ ವಾಸ ಪರವಾನಗಿಯನ್ನು, ಆ ಪ್ರಜೆಯ ಜೊತೆ ಅಥವಾ ಅವರನ್ನು ಸೇರಲು ಪ್ರಯಾಣಿಸುವಾಗ, 10ನೇ ವಿಧಿಯ ಕಾರ್ಡಿಗೆ ಸಮವೆಂದು ಪರಿಗಣಿಸುವಂತೆ 5ನೇ ವಿಧಿಯನ್ನು ತಿದ್ದಬೇಕು. ಕಾನೂನಿನ ಪ್ರಸ್ತಾವ ಮಂಡಿಸುವುದು ಆಯೋಗದ ಕೆಲಸವೆಂದು ಬಲ್ಲೆವು. ಒಪ್ಪಂದದ 225ನೇ ವಿಧಿಯಡಿ ಅದನ್ನು ಕೇಳುವ ಅಧಿಕಾರ ಸಂಸತ್ತಿಗಿದೆ, ಅದನ್ನು ಬಳಸಬೇಕೆಂದು ಬೇಡುತ್ತೇವೆ. ಇದು ಅಸಾಧ್ಯದ ಮಾತಲ್ಲ. ಷೆಂಗೆನ್ನಿನ ಹೊರಗಿರುವ ಸೈಪ್ರಸ್ ಷೆಂಗೆನ್ ದೇಶಗಳ ವಾಸ ಪರವಾನಗಿಗಳನ್ನು ಅಲ್ಪಾವಧಿ ಭೇಟಿಗೆ ಒಪ್ಪುತ್ತಿದೆ. ಷೆಂಗೆನ್ ಒಳಗೆ ವಿದ್ಯಾರ್ಥಿಯೊಬ್ಬನ ಪರವಾನಗಿಗೂ ಈ ಮಾನ್ಯತೆಯಿದೆ. ಒಬ್ಬ ವಿದ್ಯಾರ್ಥಿಗೆ ಕೊಟ್ಟ ನಂಬಿಕೆಯನ್ನು ಪ್ರಜೆಯ ಹೆಂಡತಿಗೆ, ಗಂಡನಿಗೆ ಕೊಡಲು ಹಿಂಜರಿಯಬಾರದು. ಭದ್ರತೆಯ ಪ್ರಶ್ನೆ ಬಂದರೆ ನಿರ್ದೇಶನದ 27ನೇ ವಿಧಿ, ದುರುಪಯೋಗದ ಪ್ರಶ್ನೆ ಬಂದರೆ 35ನೇ ವಿಧಿ ಹಾಗೆಯೇ ಇರಲಿ, ಅವುಗಳನ್ನು ಸಡಿಲಿಸಿ ಎಂದು ನಾವು ಕೇಳುತ್ತಿಲ್ಲ.

ಎರಡನೆಯದಾಗಿ, ಹಕ್ಕಿರುವ ಪ್ರಯಾಣಿಕರನ್ನು ತಪ್ಪಾಗಿ ತಡೆದ ವಿಮಾನ ಸಂಸ್ಥೆ ಟಿಕೆಟ್ಟಿನ ಹಣ ಮತ್ತು ಪರಿಹಾರ ಕೊಡುವಂತೆ ಸ್ಪಷ್ಟ ನಿಯಮ ಬರಬೇಕು. 10ನೇ ವಿಧಿಯ ಕಾರ್ಡನ್ನು ಮತ್ತು 20ನೇ ವಿಧಿಯ ಶಾಶ್ವತ ವಾಸದ ಕಾರ್ಡನ್ನು ಸದ್ಭಾವದಿಂದ ಒಪ್ಪಿದ ಸಂಸ್ಥೆಗೆ ದಂಡ ಹಾಕಬಾರದು. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬಂದಿರುವ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಈ ಕಾರ್ಡುದಾರರನ್ನು ನೋಂದಾಯಿಸಬೇಕಿಲ್ಲ ಎಂಬುದನ್ನೂ ಸಿಬ್ಬಂದಿಗೆ ತಿಳಿಸಬೇಕು. ಬೆಂಗಳೂರು ಸೇರಿದಂತೆ ಯುರೋಪಿಗೆ ನೇರ ವಿಮಾನವಿರುವ ಹೊರಗಿನ ನಿಲ್ದಾಣಗಳಲ್ಲೂ ಕಾರ್ಡುಗಳ ಮಾದರಿ ಕೌಂಟರಿನ ಹಿಂದೆಯೇ ಇರಲಿ.

ಕಾರ್ಡ್ ಬರುವ ಮುಂಚೆ ಕೊಡುವ ಸ್ವೀಕೃತಿ ಪತ್ರಕ್ಕೆ ಮರಳಿ ಬರುವ ಹಕ್ಕು ಸೇರಬೇಕು. ಆರು ತಿಂಗಳನ್ನು ಮೂರಕ್ಕೆ ಇಳಿಸಬೇಕು. ಸಂಗಾತಿಯ ವೀಸಾ ಅರ್ಜಿಯನ್ನು ಕಾನ್ಸುಲೇಟುಗಳು ಶುಲ್ಕವಿಲ್ಲದೆ, ಪಾಸ್‌ಪೋರ್ಟ್, ಮದುವೆಯ ಪುರಾವೆ ಮತ್ತು ಜೊತೆ ಪ್ರಯಾಣದ ಪುರಾವೆ ಬಿಟ್ಟು ಬೇರೇನೂ ಕೇಳದೆ, ತಾವೇ ಸ್ವೀಕರಿಸಬೇಕು. ಹೆಸರಿನ ಬರವಣಿಗೆಯ ವ್ಯತ್ಯಾಸವೊಂದೇ ತಡೆಗೆ ಕಾರಣವಾಗಬಾರದು.

ನಾವು ಈ ದೇಶಗಳಲ್ಲಿ ದುಡಿಯುತ್ತೇವೆ, ತೆರಿಗೆ ಕಟ್ಟುತ್ತೇವೆ, ಒಕ್ಕೂಟದ ಪ್ರಜೆಗಳಾದ ಮಕ್ಕಳನ್ನು ಸಾಕುತ್ತಿದ್ದೇವೆ. ಹೊಸ ಸೌಲಭ್ಯವೊಂದನ್ನು ಬೇಡಿ ಬಂದವರಲ್ಲ. ಪ್ರಜೆಗೆ ಈಗಾಗಲೇ ಕೊಟ್ಟಿರುವ ಹಕ್ಕು ಅವರ ಸಂಸಾರದ ಜೊತೆಗೆ ಪ್ರಯಾಣಿಸಲಿ ಎಂದಷ್ಟೇ ನಮ್ಮ ಮಾತು. ಈ ಮನವಿಯನ್ನು ಅಂಗೀಕರಿಸಿ, ಆಯೋಗದ ಲಿಖಿತ ಅಭಿಪ್ರಾಯ ಪಡೆದು, ಸಮಿತಿಯ ಬಹಿರಂಗ ಸಭೆಯಲ್ಲಿ ನಮ್ಮ ಅಹವಾಲು ಕೇಳಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕುಟುಂಬಗಳು