ಫೋನ್ ಮಾಡದೆ ತಾಣ ಬೆಳೆಯಲ್ಲ

"ಉದ್ಯೋಗದ ತಾಣ ಇನ್ನೂ ಒಬ್ನೇ ನಡೆಸ್ತಿದೀಯಾ? ದೊಡ್ಡದು ಮಾಡೋ ಮಾರಾಯ" ಅನ್ನದ ಗೆಳೆಯರೇ ಇಲ್ಲ ನನಗೆ. ಶಿವಮೊಗ್ಗದ ಸುತ್ತಮುತ್ತ ಫಿಟ್ಟರು, ವೆಲ್ಡರು, ಟ್ಯಾಲಿ ಗೊತ್ತಿರುವ ಲೆಕ್ಕದವರು, ಇಷ್ಟೇ ಜನರಿಗೆ ಕೆಲಸ ತೋರಿಸುವ ಪುಟ್ಟ ತಾಣ ನನ್ನದು. ದೊಡ್ಡದು ಅಂದರೆ ಏನು ಅನ್ನುವುದರಲ್ಲೇ ನನ್ನ ತಕರಾರಿರೋದು.

ಕೆಲಸಗಳಿಲ್ಲದಿದ್ದರೆ ಹುಡುಕುವವರು ಬರಲ್ಲ, ಹುಡುಕುವವರಿಲ್ಲದಿದ್ದರೆ ಕಾರ್ಖಾನೆಯವರು ಬರಲ್ಲ. ಈ ಗಂಟು ಎಲ್ಲರಿಗೂ ಇದ್ದದ್ದೇ. 1997ರಲ್ಲಿ ಸಂಜೀವ್ ಬಿಖ್‌ಚಂದಾನಿಯವರು ನೌಕ್ರಿ ಶುರು ಮಾಡಿದಾಗ ಪತ್ರಿಕೆಗಳಲ್ಲಿ ಬಂದಿದ್ದ ಸುಮಾರು ಸಾವಿರ ಕೆಲಸಗಳನ್ನು ಟೈಪ್ ಮಾಡಿ ತುಂಬಿಸಿದ್ದರು. ಆಗ ಅದು ಸರಿ, ಬೇರೆ ದಾರಿಯೂ ಇರಲಿಲ್ಲ. ಈಗ ಪ್ರೋಗ್ರಾಮೇ ರಾತ್ರೋರಾತ್ರಿ ಲಕ್ಷಗಟ್ಟಲೆ ಜಾಹೀರಾತು ಹೆಕ್ಕಿ ತರುತ್ತೆ. ಆದರೆ ತುಂಬಿಹೋದ ಹುದ್ದೆಯನ್ನು ತೆಗೆಯುವವರು ಯಾರು?

ಸಾಗರದ ಹುಡುಗನೊಬ್ಬ ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಸಾಲ ಮಾಡಿ ಮಾಚೇನಹಳ್ಳಿಗೆ ಬರ್ತಾನೆ ಅಂದ್ಕೊಳ್ಳಿ. ಗೇಟಿನಲ್ಲೇ "ಅದು ಹೋದ ತಿಂಗಳೇ ಆಯ್ತಲ್ಲಪ್ಪ" ಅಂದರೆ? ನನ್ನ ತಾಣಕ್ಕೆ ಅವನೊಬ್ಬನೇ ಅಲ್ಲ, ಅವನ ಐಟಿಐ ಬ್ಯಾಚೇ ಮತ್ತೆ ಬರಲ್ಲ. ಬರಲೂಬಾರದು.

ಅದಕ್ಕೇ ಪ್ರತಿ ಸೋಮವಾರ ಫೋನ್ ಹಿಡಿದು ಕೂರ್ತೇನೆ. "ಸಾರ್, ಆ ಹುದ್ದೆ ಇನ್ನೂ ಖಾಲಿ ಇದೆಯಾ?" ಎರಡು ವಾರ ಉತ್ತರ ಬರದಿದ್ದರೆ ಜಾಹೀರಾತು ಔಟ್. ಸಂಬಳ ಎಷ್ಟು ಅಂತ ಬರೆಯದಿದ್ದರೂ ಹಾಕಲ್ಲ. "ಅನುಭವಕ್ಕೆ ತಕ್ಕಂತೆ" ಅನ್ನುವುದು ಸಂಬಳವಲ್ಲ ಸ್ವಾಮಿ :) ಇದಕ್ಕೆ ಸಿಟ್ಟಾಗಿ ಹೋದವರೂ ಇದ್ದಾರೆ. ಸಂಜೆ ಹೊತ್ತಿಗೆ ಪಟ್ಟಿ ಅರ್ಧಕ್ಕೆ ಇಳಿದಿರುತ್ತೆ, ನನಗೆ ಅದೇ ಬೆಳವಣಿಗೆ.

ದುಡ್ಡು? ಕೆಲಸ ಕೊಡುವವರಿಂದ ಮಾತ್ರ. ಕ್ರೇಗ್ಸ್‌ಲಿಸ್ಟ್ ಕೆಲವು ಊರುಗಳಲ್ಲಿ ಉದ್ಯೋಗದ ಜಾಹೀರಾತಿಗೆ ಶುಲ್ಕ ಹಾಕಿಯೇ ವರ್ಷಗಟ್ಟಲೆ ನಡೆಯಿತು. ಪೀಟರ್ ಲೆವೆಲ್ಸ್ ಒಬ್ಬರೇ ಕಟ್ಟಿದ ರಿಮೋಟ್ ಓಕೆಯಲ್ಲೂ ಜಾಹೀರಾತಿಗೆ ದುಡ್ಡು ಕೊಡೋದು ಕಂಪನಿಗಳೇ. ನಮ್ಮಲ್ಲಿ ಕೆಲಸ ಹುಡುಕುವವರ ಹತ್ತಿರ "ನೋಂದಣಿ ಶುಲ್ಕ" ಕೇಳಿ ನಾಪತ್ತೆಯಾಗುವ ಕಳ್ಳರು ಸಾಕಷ್ಟಿದ್ದಾರೆ. ನಾನೂ ನೂರು ರೂಪಾಯಿ ಕೇಳಿದರೆ ಆ ಹುಡುಗನಿಗೆ ನನಗೂ ಕಳ್ಳನಿಗೂ ವ್ಯತ್ಯಾಸ ತಿಳಿಯೋದಾದರೂ ಹೇಗೆ?

ಕ್ರೇಗ್ ನ್ಯೂಮಾರ್ಕ್ ತಮ್ಮ ತಾಣ ಜಗತ್ಪ್ರಸಿದ್ಧವಾದ ಮೇಲೂ ಗ್ರಾಹಕರ ದೂರುಗಳಿಗೆ ತಾವೇ ಉತ್ತರಿಸುತ್ತಿದ್ದರು. ಕೋಡ್ ಬರೆಯೋದು ಎರಡು ವಾರದ ಕೆಲಸ, ಈಗ ಇನ್ನೂ ಕಡಿಮೆ. ಫೋನ್ ಮಾಡೋದು ಮಾತ್ರ ಮುಗಿಯೋದೇ ಇಲ್ಲ. ಒಬ್ಬನಿಗೆ ಒಂದು ದಿನದಲ್ಲಿ ಎಷ್ಟು ಫೋನ್ ಸಾಧ್ಯವೋ ಅಷ್ಟೇ ನನ್ನ ತಾಣದ ಗಾತ್ರ.

ತುಮಕೂರಿನವರೊಬ್ಬರು "ನಮ್ಮೂರಿಗೂ ಮಾಡಿ" ಅಂತ ಮೂರು ಸಲ ಮಿಂಚಂಚೆ ಹಾಕಿದ್ದಾರೆ. ಮಾಡೋಣ, ಅಲ್ಲಿ ಸೋಮವಾರ ಫೋನ್ ಹಿಡಿದು ಕೂರುವವರು ಯಾರಾದರೂ ಇದ್ದರೆ. ನಿಮಗೆ ಗೊತ್ತಿದ್ದವರಿದ್ದರೆ ತಿಳಿಸಿ.