ಗಾಲಿ ಎಣಿಸಿ ನೋಡುವವರು

2025ರ ಮೇ 7ರಿಂದ 10ರವರೆಗೆ, ಆ ನಾಲ್ಕು ದಿನಗಳಲ್ಲಿ, ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳ ಫೋನಿಗೆ ಬಂದು ಬಿದ್ದ ವಿಡಿಯೊಗಳಿಗೆ ಲೆಕ್ಕವಿಲ್ಲ. ಆಪರೇಷನ್ ಸಿಂಧೂರದ ಹೆಸರಿನಲ್ಲಿ ಉರಿಯುವ ಟ್ಯಾಂಕು, ಬೀಳುವ ವಿಮಾನ, ಹೊಗೆ, ಬೆಂಕಿ. ಅವುಗಳಲ್ಲಿ ಕೆಲವು ಕಂಪ್ಯೂಟರ್ ಆಟದಿಂದ ಎತ್ತಿದ ದೃಶ್ಯಗಳೆಂದು ಕೊನೆಗೆ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ವಿಭಾಗವೇ ಹೇಳಬೇಕಾಯಿತು. ಅಷ್ಟರಲ್ಲಿ ಅವು ಊರೂರು ಸುತ್ತಿ, ಮಗ ಗಡಿಯಲ್ಲಿರುವ ಎಷ್ಟೋ ಮನೆಗಳ ನಿದ್ದೆ ಕೆಡಿಸಿಯಾಗಿತ್ತು.

ಇಂಥ ಸುಳ್ಳನ್ನು ನೋಡಿದ ಕೂಡಲೇ ಹಿಡಿಯಬಲ್ಲವರು ಯಾರು? ಸೇನೆಯವರು ಹಿಡಿದಾರು. ಅವರಲ್ಲದೆ ಇನ್ನೊಂದು ಜಾತಿಯ ಮಂದಿ ಇದ್ದಾರೆ. ಮೇಜಿನ ಮೇಲೆ ಅಂಗೈಯಷ್ಟು ಟ್ಯಾಂಕು ಕಟ್ಟುತ್ತ ಕೂಡುವ ಮಾಡೆಲ್ ಹವ್ಯಾಸಿಗಳು. ಊರವರ ಕಣ್ಣಿಗೆ ಅವರದು ಹೊತ್ತುಗಳೆಯುವ ಕೆಲಸ. ನಮ್ಮ ವಾದ ಬೇರೆ: ನಮ್ಮ ಪತ್ರಿಕೋದ್ಯಮ ಕೈಬಿಡುತ್ತಿರುವ ಒಂದು ಶಿಸ್ತನ್ನು ಈ ಹವ್ಯಾಸಿಗಳು ಉಳಿಸಿಕೊಂಡಿದ್ದಾರೆ. ಅದು ಎಣಿಸಿ, ಅಳೆದು, ಆಮೇಲೆ ಮಾತಾಡುವ ಶಿಸ್ತು.

ಗದಗ ತಾಲ್ಲೂಕಿನ ಹರ್ತಿಯಲ್ಲಿ ಗೆಳೆಯರೊಬ್ಬರ ಪಡಸಾಲೆಯಲ್ಲಿ ಆಗಾಗ ಕೂಡುವ ಆರೇಳು ಜನರ ಗುಂಪೊಂದು ನಮಗೆ ಪರಿಚಯ. ಒಬ್ಬರು ಡ್ರಾಯಿಂಗ್ ಮಾಸ್ತರು, ಇಬ್ಬರು ಐಟಿಐ ಫಿಟ್ಟರ್ ಓದಿದವರು, ಒಬ್ಬರದು ಮೊಬೈಲ್ ರಿಪೇರಿ ಅಂಗಡಿ. ಭೂತಗನ್ನಡಿ, ಚಿಮಟ ಅವರ ಅಂಗಡಿಯಿಂದಲೇ ಬರುತ್ತವೆ. ಗುಂಪಿನವರಿಗೆ ಟ್ಯಾಂಕಿಗಿಂತ ಹೆಚ್ಚು ಪ್ರೀತಿ ಟ್ಯಾಂಕ್ ಡೆಸ್ಟ್ರಾಯರ್ ಮೇಲೆ, ಅಂದರೆ ಟ್ಯಾಂಕನ್ನು ಹೊಡೆಯಲೆಂದೇ ಮಾಡಿದ ಬಂಡಿಗಳ ಮೇಲೆ.

ಯಾಕೆ ಅಂದರೆ, ಇವು ಬಹುಪಾಲು ಅಡಚಣೆಯಲ್ಲಿ ಹುಟ್ಟಿದ ಯಂತ್ರಗಳು. ಎರಡನೇ ಮಹಾಯುದ್ಧದಲ್ಲಿ ಎದುರಾಳಿಯ ಟ್ಯಾಂಕು ದಪ್ಪವಾದಂತೆ ದೊಡ್ಡ ಗನ್ ಬೇಕಾಯಿತು. ಅದನ್ನು ಹೊರುವ ಹೊಸ ಟ್ಯಾಂಕು ಮಾಡಲು ಹೊತ್ತಿಲ್ಲ, ಉಕ್ಕಿಲ್ಲ. ಹಳೆಯ ಟ್ಯಾಂಕಿನ ತಳ ತೆಗೆದುಕೊಂಡು ಅದರ ಮೇಲೆ ದೊಡ್ಡ ಗನ್ ಕೂರಿಸಿದರು. 1942ರಲ್ಲಿ ಜರ್ಮನರು ಮಾಡಿದ ಮಾರ್ಡರ್ ಬಂಡಿಗಳಲ್ಲಿ ಕೆಲವಕ್ಕೆ ತಳ ಝೆಕ್ ಟ್ಯಾಂಕಿನದು, ಗನ್ ರಷ್ಯನ್ನರಿಂದ ಕಸಿದುಕೊಂಡ 76.2 ಮಿ.ಮೀ.ನದು. ಹಳೇ ಟ್ರ್ಯಾಕ್ಟರಿಗೆ ಸಿಕ್ಕ ಯಂತ್ರ ಜೋಡಿಸಿ ಸುಗ್ಗಿ ಮುಗಿಸುವ ನಮ್ಮ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಬ್ರಿಟಿಷರ ಆರ್ಚರ್ ಇನ್ನೂ ವಿಚಿತ್ರ. ವ್ಯಾಲೆಂಟೈನ್ ಟ್ಯಾಂಕಿನ ಸಣ್ಣ ತಳದ ಮೇಲೆ ಉದ್ದನೆಯ 17 ಪೌಂಡರ್ ಗನ್ ಕೂರಬೇಕಿತ್ತು. ಮುಂದಕ್ಕೆ ಮುಖ ಮಾಡಿಸಿದರೆ ಹಿಡಿಸುವುದಿಲ್ಲ. ಗನ್ನನ್ನು ಹಿಂದಕ್ಕೆ ತಿರುಗಿಸಿಯೇ ಕೂರಿಸಿದರು. ಗುಂಡು ಹಾರಿದಾಗ ಗನ್ನಿನ ಹಿಂಭಾಗ ನುಗ್ಗುವುದು ಚಾಲಕ ಕೂಡುವ ಜಾಗಕ್ಕೆ, ಹಾಗಾಗಿ ಆತ ಮೊದಲೇ ಎದ್ದು ಸರಿಯಬೇಕಿತ್ತು. ನಿಜವಾದ ಆರ್ಚರ್ ನೋಡಲು ಬ್ರಿಟನ್ನಿಗೇ ಹೋಗಬೇಕೆಂದಿಲ್ಲ. ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ (ಈಗ ಅಹಿಲ್ಯಾನಗರ) ಸೇನೆಯ ಟ್ಯಾಂಕ್ ದಳ 1994ರಲ್ಲಿ ತೆರೆದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಒಂದು ನಿಂತಿದೆ.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ 1965ರ ಯುದ್ಧದ ಜೀಪು ಇದೆ. ಟ್ಯಾಂಕೂ ಅಲ್ಲ, ಕವಚವೂ ಇಲ್ಲ. ಬರಿಯ ಜೀಪಿನ ಮೇಲೆ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್. ಪಂಜಾಬಿನ ಖೇಮ್‌ಕರಣ್ ಬಳಿ ಹವಾಲ್ದಾರ್ ಅಬ್ದುಲ್ ಹಮೀದ್ ಅಂಥದೊಂದು ಜೀಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು, ಸೆಪ್ಟೆಂಬರ್ 10ರಂದು ತಾವೂ ಮಡಿದರು. ಮರಣೋತ್ತರ ಪರಮವೀರ ಚಕ್ರ ಬಂತು. ಅವರು ಹೊಡೆದ ಟ್ಯಾಂಕುಗಳ ಸಂಖ್ಯೆ ಮಾತ್ರ ಬರಹದಿಂದ ಬರಹಕ್ಕೆ ಬೇರೆಯಾಗುತ್ತದೆ. ನಾವು ಸುದ್ದಿಯವರು ಹೆಚ್ಚಿನ ಸಂಖ್ಯೆ ಆರಿಸಿಕೊಂಡು ಮುಂದೆ ಹೋಗುತ್ತೇವೆ. ಮಾಡೆಲ್ ಕಟ್ಟುವವರಿಗೆ ಅಲ್ಲಿಂದಲೇ ಕೆಲಸ ಶುರು. ಯಾವ ಪ್ಯಾಟನ್? ಎಂ-47 ಆದರೆ ಒಳಗೆ ಐವರು, ಮುಂಭಾಗದಲ್ಲಿ ಒಂದು ಮಷಿನ್ ಗನ್. ಎಂ-48 ಆದರೆ ನಾಲ್ವರು, ಆ ಮಷಿನ್ ಗನ್ ಇಲ್ಲ, ಒಡಲು ದುಂಡಗೆ.

ಈಗ ಅವರ ಅಳತೆಯ ಮಾತು. ಸೇನಾ ಮಾಡೆಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:35. ಇದು ಶಾಸ್ತ್ರ ನೋಡಿ ಇಟ್ಟ ಅಳತೆಯಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಆಟಿಕೆ ಮಾಡಿದಾಗ ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸಿದ ಗಾತ್ರ ಅಳೆದರೆ ಮೂವತ್ತೈದರಲ್ಲಿ ಒಂದು ಪಾಲು ಬಂತು. ಈ ಲೋಕದಲ್ಲಿ ಐದೂಮುಕ್ಕಾಲು ಅಡಿಯ ಆಳು 5 ಸೆಂ.ಮೀ. ಆಗುತ್ತಾನೆ. ಒಂದು ಸಾಸಿವೆ ಕಾಳು ಅಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದು. ಕೈತಪ್ಪಿ ಬಿದ್ದ ಸಾಸಿವೆಯಷ್ಟು ಅಂಟು ಕೂಡ ದೊಡ್ಡ ಸುಳ್ಳಾಗಿ ಕಾಣುತ್ತದೆ.

ಜರ್ಮನರ ಹೆಟ್ಜರ್ ತೆಗೆದುಕೊಳ್ಳಿ. ನಿಜದಲ್ಲಿ ಎತ್ತರ ಸುಮಾರು 2.1 ಮೀಟರ್, ಮಾಡೆಲ್‌ನಲ್ಲಿ 6 ಸೆಂ.ಮೀ. ಮುಂದಿನ ಕವಚ 60 ಮಿ.ಮೀ. ಉಕ್ಕು, ಅದನ್ನೂ ಓರೆಯಾಗಿಟ್ಟದ್ದು. ಮಗ್ಗುಲಿನದು ಬರೀ 20 ಮಿ.ಮೀ. ಮಾಡೆಲ್‌ನಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಲಗ್ನಪತ್ರಿಕೆಯ ರಟ್ಟಿನಷ್ಟು. ಗುಂಪಿನವರು ಒಂದು ಹೆಟ್ಜರ್ ಮುಗಿಸಿ ಮೇಜಿನ ಮೇಲಿಟ್ಟಿದ್ದರು. ಸೇನೆಯಿಂದ ನಿವೃತ್ತರಾದ ಊರಿನ ಹಿರಿಯರೊಬ್ಬರು ಬಂದು ಬಗ್ಗಿ ನೋಡಿದರು.

“ಇದರಾಗ ಎಷ್ಟ್ ಮಂದಿ ಕುಂಡ್ರತಿದ್ರು?”

“ನಾಕ್ ಮಂದಿ ರೀ ಕಾಕಾ. ಮೂರ್ ಮಂದಿ ಎಡಕ್ಕ ಒಬ್ಬರ ಹಿಂದ ಒಬ್ಬರು, ಕಮಾಂಡರ್ ಒಬ್ಬಾಂವ ಬಲಕ್ಕ ಹಿಂದ.”

“ಡ್ರೈವರ್‌ಗ ಬಾಗಲ?”

“ಬ್ಯಾರೆ ಬಾಗಲ ಇಲ್ರಿ. ಮ್ಯಾಲಿನ ಮುಚ್ಚಳದಾಗಿಂದನ ಬರಬೇಕು.”

“ಹಂಗಾರ ಬೆಂಕಿ ಹತ್ತಿದ್ರ ಅಂವ ಕಡೀಗೆ” ಎಂದು ಹಿರಿಯರು ಸುಮ್ಮನಾದರು. ಮುಚ್ಚಳ ಎಷ್ಟಿವೆ ಎಂದು ಎಣಿಸಿದವರಿಗೆ ಮಾತ್ರ ಈ ಮಾತು ಹೊಳೆಯುತ್ತದೆ. ಯುದ್ಧದ ಚಿತ್ರಗಳಿಗೆ ಹಿನ್ನೆಲೆ ಸಂಗೀತ ಹಾಕುವವರಿಗೆ ಹೊಳೆಯುವುದಿಲ್ಲ.

“ಯುದ್ಧದ ಯಂತ್ರ ಮಾಡುವುದು ಯುದ್ಧವನ್ನು ಮೆರೆಸಿದಂತಲ್ಲವೇ?” ಎನ್ನುವ ಪ್ರಶ್ನೆಗೆ ನಮ್ಮ ಉತ್ತರವೂ ಇಲ್ಲೇ ಇದೆ. ಮೆರೆಸುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಜರ್ಮನ್ ಬಂಡಿಗೆ ಥಳಥಳ ಬಣ್ಣ ಬಳಿದು, ಅದು ಯಾರ ಸೈನ್ಯ, ಯಾವ ಕೆಲಸಕ್ಕೆ ಹೋಗಿತ್ತು ಎಂಬುದನ್ನು ಮರೆತು ಕೂಡುವುದು ಸುಲಭ. ಸರಿಯಾಗಿ ಮಾಡಹೊರಟವರಿಗೆ ಮರೆಯಲು ಆಗುವುದಿಲ್ಲ. ಕವಚದ ದಪ್ಪ, ಗುಂಡು ತೂರಿದ ತೂತು, ತೇಪೆ ಹಾಕಿದ ತಗಡು ಎಲ್ಲವನ್ನೂ ತೋರಿಸಬೇಕು. ನಾಜಿ ಸೈನ್ಯದ ಬಂಡಿಯ ಪಕ್ಕ ಅದರ ಕಥೆಯನ್ನೂ ಒಂದು ಚೀಟಿಯಲ್ಲಿ ಬರೆದಿಡಬೇಕೆಂದು ಹರ್ತಿಯ ಗುಂಪಿನವರಿಗೆ ನಾವು ಹೇಳುತ್ತಲೇ ಇದ್ದೇವೆ. ಈ ವಿಷಯದಲ್ಲಿ ಚರ್ಚೆ ಇನ್ನೂ ಮುಗಿದಿಲ್ಲ.

ಎರಡನೆಯ ಆಕ್ಷೇಪ ದುಡ್ಡಿನದು. ಇದು ನ್ಯಾಯವಾದದ್ದು. ಹೊರದೇಶದ ಒಳ್ಳೆಯ ಕಿಟ್ಟಿಗೆ ಸಾವಿರಾರು ರೂಪಾಯಿ, ಅದರ ಮೇಲೆ ಬಣ್ಣ, ಅಂಟು. ಕೂಲಿ ಮನೆಯ ಹುಡುಗನಿಗೆ ಅದು ಎಟುಕದು. ಆದರೆ ಡಿಟೇಲಿಂಗ್ ಅನ್ನುವ ಅರ್ಧ ಕೆಲಸಕ್ಕೆ ಬೇಕಾದ ಸಾಮಾನು ನಮ್ಮ ಹಿತ್ತಲಲ್ಲೇ ಬಿದ್ದಿದೆ. ಸುಟ್ಟ ಪಂಪ್‌ಸೆಟ್ಟಿನ ವೈಂಡಿಂಗ್ ತಾಮ್ರದ ತಂತಿ ಹಿಡಿಕೆಗಳಾಗುತ್ತದೆ, ಕೊಂಡಿಗಳಾಗುತ್ತದೆ. ಮಾತ್ರೆಯ ಹಾಳೆಯ ತೆಳು ತಗಡು ಬಾಗಿದ ಮಡ್‌ಗಾರ್ಡ್ ಆಗುತ್ತದೆ. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣಬತ್ತಿಯ ಉರಿಗೆ ಹಿಡಿದು ಮೆಲ್ಲಗೆ ಎಳೆದರೆ ಕೂದಲಿನಷ್ಟು ಸಣ್ಣ ಆಂಟೆನಾ ಸಿಗುತ್ತದೆ. ಸ್ಪಂಜಿನ ಚೂರಿನಿಂದ ಗಾಢ ಬಣ್ಣ ತಟ್ಟಿದರೆ ಬಣ್ಣ ಎದ್ದ ಕಲೆ. ಗಾಲಿಗೆ ಮೆತ್ತುವ ಕೆಸರಿಗೆ ನಮ್ಮ ಎರಿಮಣ್ಣನ್ನು ವಸ್ತ್ರಗಾಳಿಸಿ ಬಳಸುತ್ತಾರೆ, ಬೇಕಾದರೆ ಕಪ್ಪತಗುಡ್ಡದ ಕೆಂಪು ಮಣ್ಣು. ಇಡೀ ಬಂಡಿಯನ್ನೇ ಫೋಮ್ ಶೀಟಿನಲ್ಲಿ ಕತ್ತರಿಸಿ ಮಾಡಬಹುದು. ಸಾರಿಗೆ ಬಸ್ಸು, ಟ್ರ್ಯಾಕ್ಟರುಗಳನ್ನು ಫೋಮ್ ಶೀಟಿನಲ್ಲಿ ಕಟ್ಟುವ ಹುಡುಗರು ಉತ್ತರ ಕರ್ನಾಟಕದಲ್ಲಿ ಎಷ್ಟೋ ಊರುಗಳಲ್ಲಿದ್ದಾರೆ.

ಹಾಗೆ ನೋಡಿದರೆ ಇದು ನಮಗೆ ಹೊರಗಿನಿಂದ ಬಂದ ವಿದ್ಯೆಯೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎರಿಮಣ್ಣು ಕಲಸಿ ಎತ್ತು ಮಾಡುವ ಹುಡುಗರು ಕೋಡು ಎಷ್ಟು ಬಾಗಬೇಕು, ಡುಬ್ಬ ಎಲ್ಲಿ ಏಳಬೇಕು ಎಂದು ಜಗಳಾಡುತ್ತಾರೆ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಗೋಡೆ ನೋಡಿ. ಗೋಡೆಗಂಬಗಳ ಮೇಲೆ ಕೆತ್ತಿದ ಪುಟ್ಟ ಶಿಖರಗಳು ದೊಡ್ಡ ಗುಡಿಗಳ ಕಿರುರೂಪಗಳೇ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಗೆ ಹುಣಸೆಬೀಜದ ಅಂಟು ಹಚ್ಚಿ ಬೊಂಬೆಗೆ ಮೈಕಟ್ಟು ಕೊಡುವ ರೀತಿ ಯಾವ ಮಾಡೆಲ್ ತಯಾರಕರಿಗೂ ಪಾಠವಾಗಬಲ್ಲದು. ಕಿನ್ನಾಳದ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಫೋಮ್ ಶೀಟಿನ ಹುಡುಗನಿಗೆ ಸಿಗುವುದು “ಇದರಾಗ ಏನ್ ಸಿಗತೈತಿ, ಓದ್ಕೋ ಹೋಗು” ಎಂಬ ಮಾತು.

ಅಥವಾ ನಮ್ಮ ಸುದ್ದಿ ಸಿಗುತ್ತದೆ. ಅದು ಇನ್ನೂ ಬೇಸರದ ವಿಷಯ. ಇಂಥ ಹುಡುಗನ ಬಗ್ಗೆ ನಾವು ಬರೆಯುವ ಸುದ್ದಿ ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತದೆ. “ಹಳ್ಳಿ ಹೈದನ ಕೈಚಳಕ”, “ಥೇಟ್ ಅಸಲಿಯಂತೆ”, “ಸರ್ಕಾರ ಪ್ರೋತ್ಸಾಹಿಸಬೇಕಿದೆ”. ಥೇಟ್ ಅಸಲಿಯಂತೆ ಎಂದು ಬರೆಯುವ ಮುನ್ನ ಅಸಲಿಯನ್ನು ಅಳೆದವರು ಯಾರು? ಯಾವ ಅನುಪಾತ, ಅಳತೆ ಎಲ್ಲಿಂದ ತಂದೆ, ಎಲ್ಲಿ ತಾಳೆಯಾಗಲಿಲ್ಲ, ಏನು ಮಾಡಿದೆ ಎಂದು ಕೇಳಿದರೆ ಅದೇ ಹುಡುಗ ಅರ್ಧ ದಿನ ಮಾತಾಡುತ್ತಾನೆ. ಕೇಳಲು ನಮಗೆ ಪುರುಸೊತ್ತಿಲ್ಲ. ಸುದ್ದಿಗಿಷ್ಟು ಎಂದು ದುಡ್ಡು, ಅದೂ ತಡವಾಗಿ. ಡೆಸ್ಕಿನಿಂದ ಬರುವ ಮೊದಲ ಮಾತೇ “ವಿಡಿಯೊ ಬಂತಾ?” ಎಂಬುದು. ಇಂಥ ದುಡಿಮೆಯಲ್ಲಿ ಎಣಿಸಿ ನೋಡುವ ಚಟ ಮೊದಲು ಸಾಯುತ್ತದೆ.

ಗುಂಪಿನಲ್ಲಿ ಆ ಚಟ ಹೇಗೆ ಬದುಕಿದೆ ಎಂಬುದಕ್ಕೆ ಒಂದೇ ಉದಾಹರಣೆ. ಸೋವಿಯತ್ತಿನ ಎಸ್‌ಯು-85 ಮತ್ತು ಎಸ್‌ಯು-100 ಎರಡೂ ಟಿ-34 ಟ್ಯಾಂಕಿನ ತಳದವು. ಎರಡಕ್ಕೂ ಒಂದು ಮಗ್ಗುಲಿಗೆ ಐದೈದು ಗಾಲಿ. ಎಸ್‌ಯು-100ರಲ್ಲಿ ಬಲಮಗ್ಗುಲಿಗೆ ಕಮಾಂಡರನ ಗುಮ್ಮಟ ಉಬ್ಬಿಕೊಂಡಿರುತ್ತದೆ, ಮೊದಲ ಎಸ್‌ಯು-85ರಲ್ಲಿ ಅದಿಲ್ಲ. ಒಂದು ಹಳೆಯ ಫೋಟೊ ಯಾವುದರದು ಎಂದು ಅವರು ಒಂದು ಇಡೀ ಸಂಜೆ ವಾದಿಸಿದ್ದನ್ನು ನಾವು ಕೂತು ಕೇಳಿದ್ದೇವೆ. ಯಾರೂ ದನಿ ಏರಿಸಲಿಲ್ಲ. “ನಿನ್ನದು ತಪ್ಪು” ಎಂದವರು ಯಾಕೆ ಎಂದೂ ಹೇಳಬೇಕಿತ್ತು, ಬೆರಳಿಟ್ಟು ತೋರಿಸಬೇಕಿತ್ತು. ಅವರ ಮೇಜಿನ ಮೇಲೆ ಯಾರ ಹಿರಿತನವೂ ನಡೆಯುವುದಿಲ್ಲ. ನಡೆಯುವುದು ಫೋಟೊ ಮತ್ತು ಅಳತೆಪಟ್ಟಿ.

ಇದೇ ಕಣ್ಣು ಸುದ್ದಿಗೆ ಬೇಕು. ಅರ್ಜುನ್ ಟ್ಯಾಂಕಿಗೆ ಒಂದು ಮಗ್ಗುಲಿಗೆ ಏಳು ಗಾಲಿ. ಟಿ-72, ಟಿ-90ಕ್ಕೆ ಆರು. ಟಿ-55ಕ್ಕೆ ಐದು, ಅದರಲ್ಲೂ ಮೊದಲನೆಯ ಮತ್ತು ಎರಡನೆಯ ಗಾಲಿಯ ನಡುವೆ ದೊಡ್ಡ ಸಂದಿ. ಇಷ್ಟು ಗೊತ್ತಿದ್ದರೆ ಫೋನಿಗೆ ಬಂದ ಹತ್ತು ಚಿತ್ರಗಳಲ್ಲಿ ಕೆಲವನ್ನಾದರೂ ಅಲ್ಲೇ ತಡೆಯಬಹುದು. ಎಲ್ಲವನ್ನೂ ತಡೆಯಲಾಗದು. ಆದರೆ “ಇರು, ಎಣಿಸಿ ನೋಡೋಣ” ಎನ್ನುವ ಒಂದು ನಿಮಿಷದ ತಡವೇ ಸುಳ್ಳಿಗೆ ಹಾಕುವ ಮೊದಲ ಅಡ್ಡಗಾಲು. ಟ್ಯಾಂಕಿಗಷ್ಟೇ ಅಲ್ಲ, ಬೆಳೆ ಹಾನಿಯ ಎಕರೆಗೂ, ಕೆರೆ ಹೂಳಿನ ಟ್ರಿಪ್ಪುಗಳಿಗೂ ಇದೇ ಕಣ್ಣು ಸಾಲುತ್ತದೆ.

ಹಾಗಾಗಿ ನಮ್ಮ ಬೇಡಿಕೆಗಳು ಸಣ್ಣವು. ಹೈಸ್ಕೂಲುಗಳಲ್ಲಿ ವಿಜ್ಞಾನ ಪ್ರದರ್ಶನಕ್ಕೆ ಅಂಗಡಿಯಿಂದ ತಂದ ಜ್ವಾಲಾಮುಖಿಯ ಬದಲು ಮಕ್ಕಳಿಂದ ಒಂದು ವಸ್ತುವನ್ನು ಅಳತೆಗೆ ಸರಿಯಾಗಿ ಮಾಡಿಸಿ. ಟ್ಯಾಂಕೇ ಆಗಬೇಕೆಂದಿಲ್ಲ. ಊರ ತೇರು, ಕೂರಿಗೆ, ಬಸ್ ನಿಲ್ದಾಣ ಯಾವುದಾದರೂ ಸರಿ. ಪಕ್ಕದಲ್ಲಿ ಅನುಪಾತ ಬರೆಸಿ, ಎಲ್ಲಿ ತಪ್ಪಿತೆಂದೂ ಬರೆಸಿ. ಪತ್ರಿಕೋದ್ಯಮ ಕಲಿಸುವವರು ಒಂದು ದಿನ ವಿದ್ಯಾರ್ಥಿಗಳನ್ನು ಇಂಥ ಹವ್ಯಾಸಿಗಳ ಮೇಜಿನ ಮುಂದೆ ಕೂರಿಸಲಿ. ನಾವು ಸ್ಟ್ರಿಂಜರ್‌ಗಳು ಮುಂದಿನ ಸಲ ಹುಡುಗನೊಬ್ಬನ ಮಾಡೆಲ್ ಬಗ್ಗೆ ಬರೆಯುವಾಗ “ಥೇಟ್” ಎಂಬ ಪದವನ್ನು ಬದಿಗಿಟ್ಟು ಅವನ ಅಳತೆಪುಸ್ತಕವನ್ನು ಕೇಳಿ ಓದೋಣ. ಡೆಸ್ಕಿನವರು ಅರ್ಧ ಗಂಟೆ ಕಾಯಲಿ.